ಜೀಪಿನ ದೀಪಕ್ಕೆ ರಿಲೇ, ವೈರಿಗೆ ಫ್ಯೂಸು

ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುವಾಗ ನಮ್ಮ ಬೆಳೆಗಾರರಲ್ಲಿ ಎಂಥವರೂ ಎಚ್ಚರ ವಹಿಸುತ್ತಾರೆ. ಮೇನ್ ಸ್ವಿಚ್ಚು ಇಳಿಸಿದೆಯೇ ಎಂದು ಎರಡು ಸಲ ನೋಡುತ್ತಾರೆ, ಕಾಲಡಿಗೆ ಒಣ ಹಲಗೆ ಹಾಕಿಕೊಳ್ಳುತ್ತಾರೆ, ಮಕ್ಕಳನ್ನು ಆಚೆಗೆ ಕಳಿಸುತ್ತಾರೆ. ಅದೇ ಬೆಳೆಗಾರರು ಜೀಪಿನ ಬಾನೆಟ್ ಎತ್ತಿದಾಗ ಈ ಎಚ್ಚರವೆಲ್ಲ ಎಲ್ಲಿಗೋ ಹೋಗಿಬಿಡುತ್ತದೆ. ವೈರನ್ನು ಹಲ್ಲಿನಿಂದ ಕಚ್ಚಿ ಸಿಪ್ಪೆ ಸುಲಿಯುವುದು, ಎರಡು ತುದಿ ಸೇರಿಸಿ ಹೊಸೆಯುವುದು, ಫ್ಯೂಸು ಹೋಗಿದ್ದರೆ ಆ ಜಾಗಕ್ಕೆ ಒಂದು ತುಂಡು ತಂತಿ ಸುತ್ತುವುದು, ಎಲ್ಲವೂ ಸಲೀಸು. 12 ವೋಲ್ಟಿನ ಬ್ಯಾಟರಿ ಕೈಗೆ ಹೊಡೆಯುವುದಿಲ್ಲ, ಹೊಡೆಯದ ಕರೆಂಟಿಗೆ ಯಾರೂ ಹೆದರುವುದಿಲ್ಲ. ಆದರೆ ಹೊಡೆಯದಿದ್ದರೂ ಅದು ಸುಡಬಲ್ಲುದು ಎಂಬುದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕಾಫಿ ಹಣ್ಣು ಕುಯ್ಲಿನ ದಿನಗಳು. ಲಿಂಗದಹಳ್ಳಿಯಿಂದ ಸಂತವೇರಿಯ ಕಡೆಗೆ ಏರುವ ರಸ್ತೆಯಲ್ಲಿ ಕತ್ತಲಾದ ಮೇಲೆ ನಮ್ಮ ಹಳೆಯ ಜೀಪಿನಲ್ಲಿ ಬರುತ್ತಿದ್ದೆವು. ಹಿಂದೆ ಐದು ಜನ ಹೆಣ್ಣಾಳುಗಳು, ಕಾಲ ಬಳಿ ಎರಡು ಮೂಟೆ. ಮಂಜು ದಟ್ಟವಾಗಿದ್ದರಿಂದ ಬಂಪರಿನ ಮೇಲೆ ಕೂರಿಸಿದ್ದ ಹೆಚ್ಚುವರಿ ದೀಪಗಳನ್ನೂ ಹಾಕಿದ್ದೆವು. ಹಿಂದಿನಿಂದ ಒಬ್ಬಾಕೆ, "ಅಣ್ಣ, ಏನೋ ಪ್ಲಾಸ್ಟಿಕ್ ಸುಟ್ಟ ವಾಸ್ನೆ ಬರ್ತಾ ಐತೆ" ಎಂದಳು. ಬ್ರೇಕಿನ ವಾಸನೆ ಇರಬೇಕೆಂದು ನಾವು ಅಲಕ್ಷ್ಯ ಮಾಡಿದೆವು. ಏರುವಾಗ ಬ್ರೇಕು ಏಕೆ ವಾಸನೆ ಬರಬೇಕು ಎಂಬಷ್ಟು ಯೋಚನೆಯೂ ಬರಲಿಲ್ಲ. ಮುಂದಿನ ತಿರುವಿಗೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಎದ್ದು, ಮರುಕ್ಷಣದಲ್ಲಿ ಮುಂದಿನ ದೀಪ, ಹಿಂದಿನ ದೀಪ, ಎಲ್ಲ ಒಟ್ಟಿಗೆ ಆರಿದವು. ಒಂದು ಕಡೆ ಧರೆ, ಇನ್ನೊಂದು ಕಡೆ ಏನಿದೆಯೆಂದು ಆ ರಸ್ತೆಯಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಎಲ್ಲರನ್ನೂ ಇಳಿಸಿ, ಬ್ಯಾಟರಿಯ ಕ್ಲಾಂಪು ಬಿಚ್ಚೋಣವೆಂದರೆ ಸ್ಪ್ಯಾನರ್ ಇಲ್ಲ. ಕಡೆಗೆ ಕತ್ತಿಯ ಹಿಂಬದಿಯಿಂದ ಹೊಡೆದು ಕ್ಲಾಂಪನ್ನು ಎಬ್ಬಿಸಿದೆವು. ಯಾರಿಗೂ ಏನೂ ಆಗಲಿಲ್ಲ.

ಮರುದಿನ ಬಿಚ್ಚಿ ನೋಡಿದಾಗ ಕಾರಣ ಕಾಣಿಸಿತು. ಹೆಚ್ಚುವರಿ ದೀಪದ ವೈರನ್ನು ರೇಡಿಯೇಟರಿನ ಪಕ್ಕದ ತಗಡಿನ ತೂತಿನಿಂದ ಹಾಯಿಸಿದ್ದೆವು. ತೂತಿಗೆ ರಬ್ಬರ್ ಬುಷ್ ಇರಲಿಲ್ಲ. ತಗಡಿನ ಅಂಚು ವೈರಿನ ಸಿಪ್ಪೆಯನ್ನು ದಿನಾ ಸ್ವಲ್ಪ ಸ್ವಲ್ಪವೇ ತೇಯ್ದು ಒಳಗಿನ ತಾಮ್ರವನ್ನು ಮುಟ್ಟಿತ್ತು. ಆಗ ಫ್ಯೂಸು ಹೋಗಬೇಕಾಗಿತ್ತು. ಹೋಗಲಿಲ್ಲ, ಏಕೆಂದರೆ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆಗಳನ್ನು ಸುತ್ತಲಾಗಿತ್ತು. ಸುತ್ತಿದವರು ಯಾವ ಮೆಕ್ಯಾನಿಕ್ಕೂ ಅಲ್ಲ, ನಾವೇ. ಅದಕ್ಕೂ ಎರಡು ತಿಂಗಳ ಹಿಂದೆ, ಸಂತೆಯ ದಿನ, ಅವಸರದಲ್ಲಿ.

ಅಂದಿನಿಂದ ಈ ವಿಷಯವನ್ನು ನಾವು ಸ್ವಲ್ಪ ಶ್ರದ್ಧೆಯಿಂದ ತಿಳಿದುಕೊಂಡೆವು. ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಹಳೆಯ ಜೀಪು, ಪಿಕಪ್ಪು, ಓಮ್ನಿ, ಟ್ರ್ಯಾಕ್ಟರುಗಳು ಇನ್ನೂ ಎಷ್ಟೋ ಮನೆಗಳಲ್ಲಿ ದುಡಿಯುತ್ತಿವೆ. ಅವುಗಳಲ್ಲಿ ಬಹುಪಾಲಿಗೆ ಯಾರೋ ಎಂದೋ ಹೆಚ್ಚುವರಿ ದೀಪ, ಜೋಡಿ ಹಾರ್ನು, ಹಾಡಿನ ಪೆಟ್ಟಿಗೆ ಸೇರಿಸಿಯೇ ಇರುತ್ತಾರೆ. ಹಾಗಾಗಿ ಕಲಿತದ್ದನ್ನು ಸದಸ್ಯರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಹನಿ ನೀರಾವರಿಯ ಲೆಕ್ಕ

ಕರೆಂಟಿನ ಲೆಕ್ಕ ನಮಗೆ ಹೊಸದಲ್ಲ. ಅಡಿಕೆ ತೋಟಕ್ಕೆ ಹನಿ ನೀರಾವರಿ ಹಾಕಿಸಿದವರೆಲ್ಲ ಇದನ್ನು ನೀರಿನಲ್ಲಿ ನೋಡಿದ್ದಾರೆ. ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟು. ಪೈಪಿನಲ್ಲಿ ಎಷ್ಟು ನೀರು ಹರಿಯುತ್ತಿದೆ ಎಂಬುದು ಆಂಪಿಯರು. ಸಣ್ಣ ಪೈಪನ್ನು ಬಹಳ ದೂರ ಎಳೆದು ಅದಕ್ಕೇ ಮರದ ಮೇಲೆ ಮರ ಸೇರಿಸುತ್ತಾ ಹೋದರೆ, ಕೊನೆಯ ಮರದ ಬುಡದಲ್ಲಿ ಹನಿ ಬೀಳುವುದೇ ನಿಂತುಹೋಗುತ್ತದೆ. ತೊಟ್ಟಿಯಲ್ಲಿ ನೀರು ತುಂಬಿದ್ದರೂ ಅಷ್ಟೇ. ಒತ್ತಡ ದಾರಿಯಲ್ಲೇ ಖರ್ಚಾಗಿರುತ್ತದೆ.

ವಾಹನದ ಹೆಡ್‌ಲೈಟಿನ ಸ್ಥಿತಿಯೂ ಇದೇ. ಒಂದು ಬಲ್ಬು 60 ವಾಟಿನದಾದರೆ, ವಾಟನ್ನು ವೋಲ್ಟಿನಿಂದ ಭಾಗಿಸಿ 60ಕ್ಕೆ 12, ಅಂದರೆ 5 ಆಂಪಿಯರು. ಎರಡು ದೀಪಕ್ಕೆ 10. ಹಳೆಯ ಗಾಡಿಗಳಲ್ಲಿ ಈ 10 ಆಂಪಿಯರು ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿನ ಲೈಟ್ ಸ್ವಿಚ್ಚಿಗೆ ಬಂದು, ಅಲ್ಲಿಂದ ಡಿಪ್ಪರ್ ಸ್ವಿಚ್ಚಿಗೆ ಹೋಗಿ, ಮತ್ತೆ ಮುಂದಕ್ಕೆ ಬಂದು ದೀಪ ಸೇರುತ್ತದೆ. ಒಟ್ಟು ದಾರಿ ಆರು ಮೀಟರ್ ಎಂದುಕೊಳ್ಳೋಣ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಇಷ್ಟು ದೂರ 10 ಆಂಪಿಯರು ಹರಿದರೆ ಒಂದು ವೋಲ್ಟಿಗೂ ಸ್ವಲ್ಪ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಸವೆದ ಸ್ವಿಚ್ಚಿನ ಪಾಯಿಂಟುಗಳು, ಕಿಲುಬು ಹಿಡಿದ ಜೋಡಣೆಗಳು ಇನ್ನರ್ಧ ವೋಲ್ಟು ತಿನ್ನುತ್ತವೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 14 ವೋಲ್ಟ್ ಇದ್ದರೂ ಬಲ್ಬಿನ ಪಿನ್ನಿನಲ್ಲಿ ಮೀಟರ್ ಇಟ್ಟರೆ ಹನ್ನೆರಡೂವರೆ ತೋರಿಸುವುದು ಇದರಿಂದಲೇ.

ಒಂದೂವರೆ ವೋಲ್ಟು ತಾನೇ ಎಂದು ಬಿಡುವಂತಿಲ್ಲ. ತಂತಿ ಕಾದು ಬೆಳಗುವ ಬಲ್ಬಿನಲ್ಲಿ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ಸುಮಾರು 30ರಷ್ಟು ಇಳಿಯುತ್ತದೆ. "ನಮ್ಮ ಜೀಪಿನ ದೀಪ ಮಂದ, ದೊಡ್ಡ ಬಲ್ಬು ಹಾಕಿಸಬೇಕು" ಎಂದು ಆಟೋ ಎಲೆಕ್ಟ್ರಿಷಿಯನ್ನರ ಬಳಿ ಹೋಗುವವರಲ್ಲಿ ಹಲವರಿಗೆ ಬೇಕಾಗಿರುವುದು ದೊಡ್ಡ ಬಲ್ಬಲ್ಲ, ಇರುವ ಬಲ್ಬಿಗೆ ಪೂರಾ ವೋಲ್ಟೇಜು.

ದೊಡ್ಡ ಬಲ್ಬು ಹಾಕಿದರೆ ಏನಾಗುತ್ತದೆ ನೋಡಿ. 100 ವಾಟಿನ ಎರಡು ಬಲ್ಬಿಗೆ ಸುಮಾರು 17 ಆಂಪಿಯರು ಬೇಕು. ವೈರಿನಲ್ಲಿ ಹುಟ್ಟುವ ಶಾಖ ಕರೆಂಟು ಏರಿದಷ್ಟೇ ಏರುವುದಿಲ್ಲ, ಅದರ ವರ್ಗದಂತೆ ಏರುತ್ತದೆ. 10ರಿಂದ 17ಕ್ಕೆ ಹೋದರೆ ಶಾಖ ಸುಮಾರು ಮೂರು ಪಟ್ಟು. ಬೆಳಕು ನಾವು ಎಣಿಸಿದಷ್ಟು ಹೆಚ್ಚುವುದಿಲ್ಲ, ಏಕೆಂದರೆ ದಾರಿಯಲ್ಲಿ ಕಳೆಯುವ ವೋಲ್ಟೂ ಹೆಚ್ಚುತ್ತದೆ. ಹೆಚ್ಚುವುದು ಸ್ವಿಚ್ಚಿನ ಬಿಸಿ. ಲೈಟ್ ಸ್ವಿಚ್ಚಿನ ಗುಬ್ಬಿ ಮುಟ್ಟಿದರೆ ಬೆಚ್ಚಗಿದೆ ಎನ್ನುವವರು ತಡಮಾಡದೆ ಅದನ್ನು ಬಿಚ್ಚಿಸಿ ನೋಡಬೇಕು. ಅದು ಬೆಚ್ಚಗಾಗತಕ್ಕದ್ದಲ್ಲ.

ರಿಲೇ ಎಂದರೆ ನಮ್ಮ ಸ್ಟಾರ್ಟರೇ

ಇದಕ್ಕೆ ಪರಿಹಾರ ನಮ್ಮ ಪಂಪ್‌ಹೌಸಿನ ಗೋಡೆಯ ಮೇಲೆಯೇ ಇದೆ. ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತುತ್ತೇವೆ. ಮೋಟಾರು ಎಳೆಯುವ ಕರೆಂಟೆಲ್ಲ ಆ ಪುಟ್ಟ ಗುಂಡಿಯ ಮೂಲಕ ಹೋಗುತ್ತದೆಯೇ? ಇಲ್ಲ. ಗುಂಡಿ ಒಳಗಿನ ಕಾಯಿಲಿಗೆ ಒಂದಿಷ್ಟು ಕರೆಂಟು ಕೊಡುತ್ತದೆ, ಕಾಯಿಲು ಅಯಸ್ಕಾಂತವಾಗಿ ಕಬ್ಬಿಣದ ತುಂಡನ್ನು ಎಳೆದುಕೊಳ್ಳುತ್ತದೆ, ಅದರ ಜೊತೆಗೆ ದಪ್ಪ ಪಾಯಿಂಟುಗಳು ಕೂಡುತ್ತವೆ. ಟಪ್ ಎಂಬ ಶಬ್ದ ಬರುವುದು ಆಗಲೇ. ಮೋಟಾರಿನ ಕರೆಂಟು ಆ ದಪ್ಪ ಪಾಯಿಂಟುಗಳಲ್ಲಿ ಹರಿಯುತ್ತದೆ. ವಾಹನದ ರಿಲೇ ಎಂದರೆ ಬೆಂಕಿಪೊಟ್ಟಣದ ಗಾತ್ರಕ್ಕೂ ಚಿಕ್ಕದಾದ, 12 ವೋಲ್ಟಿಗೆ ಮಾಡಿದ ಇದೇ ಉಪಕರಣ. ಅದರ ಕಾಯಿಲಿಗೆ ಬೇಕಾಗುವುದು ಆಂಪಿಯರಿನ ಏಳನೆಯ ಒಂದು ಪಾಲಿನಷ್ಟು ಮಾತ್ರ. ಅದರ ಪಾಯಿಂಟುಗಳು 30 ಅಥವಾ 40 ಆಂಪಿಯರು ತಡೆಯುತ್ತವೆ.

ಈ ಉಪಕರಣವನ್ನು 1835ರಲ್ಲಿ ರೂಪಿಸಿದವನು ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ಎಂದು ಹೇಳುತ್ತಾರೆ. ಅದು ಹೆಚ್ಚಾಗಿ ಬಳಕೆಗೆ ಬಂದದ್ದು ತಂತಿ ಟಪಾಲಿನಲ್ಲಿ. ಬಹಳ ದೂರ ಬಂದು ಸೊರಗಿದ ಕರೆಂಟು ಒಂದು ಕಾಯಿಲನ್ನು ಎಳೆದರೆ ಸಾಕು, ಅಲ್ಲಿಂದ ಮುಂದಕ್ಕೆ ಹೊಸ ಬ್ಯಾಟರಿಯ ಕರೆಂಟು ಸುದ್ದಿಯನ್ನು ಒಯ್ಯುತ್ತಿತ್ತು. ಚಿಕ್ಕದೇವರಾಜ ಒಡೆಯರು ಮೈಸೂರು ಸೀಮೆಯಲ್ಲಿ ಅಂಚೆ ಏರ್ಪಡಿಸಿದಾಗಲೂ ಉಪಾಯ ಇದೇ. ಒಬ್ಬ ಓಟಗಾರ ತನ್ನ ಹಂತ ಓಡಿ ಚೀಲವನ್ನು ಆಯಾಸವಿಲ್ಲದ ಮತ್ತೊಬ್ಬನ ಕೈಗೆ ಕೊಡುತ್ತಿದ್ದ. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಅದರ ರಿಲೇ ಮಾತ್ರ ನಮ್ಮ ಜೀಪಿನ ಬಾನೆಟ್ಟಿನ ಕೆಳಗೆ ಉಳಿದುಕೊಂಡಿದೆ.

ಸಾಮಾನ್ಯ ರಿಲೇಗೆ ನಾಲ್ಕು ಕಾಲುಗಳು. ಪ್ರತಿಯೊಂದರ ಬುಡದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಯಾವ ಕಂಪನಿಯದಾದರೂ ಸಂಖ್ಯೆಗಳು ಬಹುಮಟ್ಟಿಗೆ ಒಂದೇ. 85 ಮತ್ತು 86 ಕಾಯಿಲಿನವು. 30 ಬ್ಯಾಟರಿಯಿಂದ ಬರುವ ದಪ್ಪ ವೈರಿಗೆ. 87 ದೀಪಕ್ಕೆ ಹೋಗುವ ದಪ್ಪ ವೈರಿಗೆ. ಈವರೆಗೆ ನೇರವಾಗಿ ದೀಪಕ್ಕೆ ಹೋಗುತ್ತಿದ್ದ ಹಳೆಯ ವೈರನ್ನು ಬಿಡಿಸಿ 86ಕ್ಕೆ ಕೊಡಬೇಕು, 85ನ್ನು ಬಾಡಿಗೆ ಅರ್ಥ್ ಮಾಡಬೇಕು. ಈಗ ಡ್ಯಾಶ್‌ಬೋರ್ಡಿನ ಸ್ವಿಚ್ಚು ಕಾಯಿಲಿಗೆ ಅಪ್ಪಣೆ ಕೊಡುತ್ತದೆ ಅಷ್ಟೇ, ಹೊರೆ ಹೊರುವುದಿಲ್ಲ. ದೀಪದ ಕರೆಂಟು ಬ್ಯಾಟರಿಯಿಂದ ರಿಲೇಗೆ, ರಿಲೇಯಿಂದ ದೀಪಕ್ಕೆ, ಗಿಡ್ಡ ದಾರಿಯಲ್ಲಿ ದಪ್ಪ ವೈರಿನಲ್ಲಿ ಹೋಗುತ್ತದೆ. ಹೈ ಬೀಮಿಗೆ ಒಂದು, ಲೋ ಬೀಮಿಗೆ ಒಂದು, ಹೀಗೆ ಹೆಡ್‌ಲೈಟಿಗೆ ಎರಡು ರಿಲೇ ಬೇಕು. ರಿಲೇಯೊಂದರ ಬೆಲೆ ಒಂದು ಕಿಲೋ ಕೆಂಪಡಿಕೆಯ ಬೆಲೆಗಿಂತ ಕಡಿಮೆ.

ಐದು ಕಾಲಿನ ರಿಲೇ ಕೊಂಡವರು ಒಂದು ಕಡೆ ಎಡವುತ್ತಾರೆ. ನಡುವಿನ ಐದನೆಯ ಕಾಲಿನ ಮೇಲೆ 87ಎ ಎಂದಿದ್ದರೆ, ರಿಲೇ ಕೆಲಸ ಮಾಡದಿರುವಾಗ 30ಕ್ಕೆ ಸೇರಿಕೊಂಡಿರುವ ಕಾಲು ಅದು. ದೀಪದ ವೈರನ್ನು ತಪ್ಪಿ ಅದಕ್ಕೆ ಕೊಟ್ಟರೆ ಸ್ವಿಚ್ಚು ಆರಿಸಿದಾಗ ದೀಪ ಹತ್ತುತ್ತದೆ, ಹಾಕಿದಾಗ ಆರುತ್ತದೆ. ರಾತ್ರಿಯೆಲ್ಲ ಹತ್ತಿದ್ದು ಬೆಳಿಗ್ಗೆ ಬ್ಯಾಟರಿ ಖಾಲಿ. ಇನ್ನು ಕೆಲವು ರಿಲೇಗಳ ಒಳಗೆ ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇರುತ್ತದೆ. ಮೈಮೇಲಿನ ಚಿತ್ರದಲ್ಲಿ ಬಾಣದಂಥ ಗುರುತು ಕಾಣುತ್ತದೆ. ಅಂಥದ್ದರಲ್ಲಿ 86ಕ್ಕೆ ಪ್ಲಸ್, 85ಕ್ಕೆ ಅರ್ಥ್ ಎಂಬುದನ್ನು ಅದಲುಬದಲು ಮಾಡಬಾರದು.

ರಿಲೇಯನ್ನು ಕೂರಿಸುವಾಗ ಕಾಲುಗಳು ಕೆಳಮುಖವಾಗಿರಲಿ. ಮೇಲ್ಮುಖವಾಗಿದ್ದರೆ ನಮ್ಮ ಮಳೆಗಾಲದ ನೀರು ಬೇಸಿನೊಳಗೆ ನಿಲ್ಲುತ್ತದೆ. ಸೈಲೆನ್ಸರ್ ಪೈಪಿನ ಬಿಸಿ ತಗಲುವ ಜಾಗವೂ ಬೇಡ. ಹಾರ್ನಿಗೂ ಇದೇ ಕ್ರಮ. ಜೋಡಿ ಹಾರ್ನು ಹಾಕಿಸಿದ ಮೇಲೆ ಸ್ಟೀರಿಂಗಿನ ಗುಂಡಿ ಪದೇ ಪದೇ ಸುಟ್ಟುಹೋಗುತ್ತದೆ ಎಂಬ ದೂರು ನಮ್ಮಲ್ಲಿ ಹಲವರದು. ಅದು ಗುಂಡಿಯ ತಪ್ಪಲ್ಲ.

ಫ್ಯೂಸು ಕಾಯುವುದು ದೀಪವನ್ನಲ್ಲ

ರಿಲೇ ಹಾಕಿಸಿದವರು ಬಹಳ ಸಲ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ದೀಪ ಝಗ್ಗನೆ ಹತ್ತಿತು, ಕೆಲಸ ಮುಗಿಯಿತು ಎಂಬ ಭಾವನೆ. ನಿಜವಾಗಿ ಅಪಾಯ ಅಲ್ಲಿಂದ ಪ್ರಾರಂಭ. ಬ್ಯಾಟರಿಯ ಪ್ಲಸ್ಸಿನಿಂದ ರಿಲೇಯ 30ಕ್ಕೆ ಬಂದಿರುವ ಹೊಸ ದಪ್ಪ ವೈರು ಬೀಗದ ಕೈ ತೆಗೆದರೂ ಸಾಯುವುದಿಲ್ಲ. ಹಗಲೂ ರಾತ್ರಿ ಅದರಲ್ಲಿ ಜೀವ ಇರುತ್ತದೆ. ಜೀಪು ಅಡಿಕೆ ಕೊಟ್ಟಿಗೆಯಲ್ಲಿ ಸಿಪ್ಪೆಯ ರಾಶಿಯ ಪಕ್ಕ ನಿಂತಿರುವಾಗಲೂ ಇರುತ್ತದೆ. ಅದರ ಸಿಪ್ಪೆಯನ್ನು ಇಲಿ ಕಡಿದು ತಾಮ್ರ ಬಾಡಿಗೆ ತಗಲಿದರೆ, ಒಂದು ಸಾಧಾರಣ ಜೀಪಿನ ಬ್ಯಾಟರಿ ಆ ಕ್ಷಣದಲ್ಲಿ ನೂರಾರು ಆಂಪಿಯರು ಸುರಿಯಬಲ್ಲುದು. ಸ್ಟಾರ್ಟರ್ ಮೋಟಾರನ್ನು ತಿರುಗಿಸಲು ಅಷ್ಟು ಬೇಕೆಂದೇ ಅದನ್ನು ಹಾಗೆ ಮಾಡಿರುತ್ತಾರೆ. ವೈರು ಕೆಲವೇ ಸೆಕೆಂಡುಗಳಲ್ಲಿ ಕೆಂಪಗೆ ಕಾಯುತ್ತದೆ, ಜೊತೆಯಲ್ಲಿರುವ ವೈರುಗಳ ಸಿಪ್ಪೆಯನ್ನೂ ಕರಗಿಸುತ್ತದೆ.

ಆದುದರಿಂದ ಫ್ಯೂಸು ಇರಬೇಕಾದ ಜಾಗ ದೀಪದ ಹತ್ತಿರವಲ್ಲ, ಬ್ಯಾಟರಿಯ ಹತ್ತಿರ. ಪ್ಲಸ್ ಟರ್ಮಿನಲ್ಲಿನಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವೆ ಇರುವ ತುಂಡನ್ನು ಕಾಯುವವರು ಯಾರೂ ಇಲ್ಲ. ಕಾಲುವೆ ಒಡೆದರೆ ತೂಬು ಮುಚ್ಚಬೇಕು, ತೂಬು ಇರುವುದು ಕೆರೆಯ ಏರಿಯಲ್ಲಿ, ಗದ್ದೆಯ ಬದಿಯಲ್ಲಲ್ಲ.

ಫ್ಯೂಸು ಎಷ್ಟು ಆಂಪಿಯರಿನದು ಎಂಬುದರಲ್ಲೂ ತಪ್ಪು ತಿಳುವಳಿಕೆ ಇದೆ. ಬಲ್ಬು ಸುಡದಂತೆ ಫ್ಯೂಸು ಕಾಪಾಡುತ್ತದೆ ಎಂದು ಅನೇಕರು ನಂಬಿದ್ದಾರೆ. ಫ್ಯೂಸು ಕಾಪಾಡುವುದು ವೈರನ್ನು. ದೀಪ ಎಳೆಯುವ ಕರೆಂಟಿಗಿಂತ ಸ್ವಲ್ಪ ಮೇಲೆ, ವೈರು ತಡೆಯುವ ಕರೆಂಟಿಗಿಂತ ಕೆಳಗೆ ಅದು ಇರಬೇಕು. 55 ವಾಟಿನ ಎರಡು ಮಂಜು ದೀಪ ಒಂಬತ್ತು ಚಿಲ್ಲರೆ ಆಂಪಿಯರು ಎಳೆಯುತ್ತವೆ. ಅದಕ್ಕೆ ಎರಡೂವರೆ ಚದರ ಮಿಲಿಮೀಟರಿನ ವೈರು, 15 ಆಂಪಿಯರಿನ ಫ್ಯೂಸು. ಹೆಡ್‌ಲೈಟಿಗಾದರೆ ಬ್ಯಾಟರಿಯ ಬಳಿ 30ರ ಒಂದು ಮುಖ್ಯ ಫ್ಯೂಸು, ಅಲ್ಲಿಂದ ರಿಲೇಗಳಿಗೆ ನಾಲ್ಕು ಚದರ ಮಿಲಿಮೀಟರಿನ ವೈರು. ರಿಲೇ ದಾಟಿದ ಮೇಲೆ ಎಡದ ದೀಪಕ್ಕೆ 10ರದು ಒಂದು, ಬಲದ ದೀಪಕ್ಕೆ 10ರದು ಒಂದು, ಬೇರೆ ಬೇರೆ ಫ್ಯೂಸು, ಒಂದೂವರೆ ಚದರ ಮಿಲಿಮೀಟರಿನ ಬೇರೆ ಬೇರೆ ವೈರು. ಹೈ ಬೀಮಿಗೂ ಲೋ ಬೀಮಿಗೂ ಪ್ರತ್ಯೇಕ. ಒಟ್ಟು ನಾಲ್ಕು ಸಣ್ಣ ಫ್ಯೂಸು ಹೆಚ್ಚಾಯಿತು ಎಂದು ಗೊಣಗುವವರು ನಮ್ಮ ಸಂತವೇರಿಯ ತಿರುವನ್ನು ನೆನೆಯಬೇಕು. ಒಂದು ದೀಪದ ವೈರು ಕೆಟ್ಟರೆ ಒಂದು ದೀಪ ಮಾತ್ರ ಹೋಗಲಿ, ಇನ್ನೊಂದರ ಬೆಳಕಿನಲ್ಲಿ ಗಾಡಿಯನ್ನು ಬದಿಗೆ ತರಬಹುದು.

ಚಪ್ಪಟೆ ಕಾಲಿನ ಪ್ಲಾಸ್ಟಿಕ್ ಫ್ಯೂಸುಗಳಲ್ಲಿ ಬಣ್ಣವೇ ಗುರುತು. 5 ಆಂಪಿಯರಿನದು ತಿಳಿಕಂದು, ಏಳೂವರೆ ಕಂದು, 10 ಕೆಂಪು, 15 ನೀಲಿ, 20 ಹಳದಿ, 25 ಬಣ್ಣವಿಲ್ಲದ್ದು, 30 ಹಸಿರು. ಕೆಂಪು ಹೋದರೆ ಕೆಂಪನ್ನೇ ಹಾಕಬೇಕು ಎಂದು ಮನೆಯ ಹುಡುಗರಿಗೆ ಹೇಳಿಕೊಟ್ಟರೂ ಸಾಕು.

ಈಗ ತಂತಿ ಸುತ್ತುವ ವಿಷಯ. ಪಂಪ್‌ಹೌಸಿನ ಕಿಟ್‌ಕ್ಯಾಟ್ ಫ್ಯೂಸಿಗೆ ಕೈಗೆ ಸಿಕ್ಕ ತಂತಿ ಸುತ್ತುವ ಅಭ್ಯಾಸವೇ ಜೀಪಿಗೂ ಬಂದಿದೆ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಒಂದೇ ಒಂದು ಎಳೆ ಕರಗಲು ಸುಮಾರು 28 ಆಂಪಿಯರು ಬೇಕು. ಅದನ್ನೇ ಮೂರಾಗಿ ಮಡಿಸಿ ಸುತ್ತಿದರೆ 80 ದಾಟುತ್ತದೆ. 15ರ ಫ್ಯೂಸಿನ ಜಾಗದಲ್ಲಿ 80ರದು ಕೂತಿದೆ ಎಂದಾಯಿತು. ಆಗ ಕರಗುವುದು ತಂತಿಯಲ್ಲ, ಗಾಡಿಯ ವೈರಿಂಗು. ಸರಿಯಾದ ಫ್ಯೂಸಾದರೆ ತನ್ನ ಅಳತೆಯ ಎರಡರಷ್ಟು ಕರೆಂಟು ಹರಿದಾಗ ಕೆಲವೇ ಸೆಕೆಂಡಿನಲ್ಲಿ ಹೋಗುತ್ತದೆ. ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದದ ಕಥೆಯೂ ತಂತಿಯದೇ.

ವೈರು ಕೊಳ್ಳುವಾಗಲೂ ಒಂದು ಮಾತು. ಮನೆ ಕಟ್ಟಿಸುವಾಗ ಉಳಿದ ವೈರು ಅಟ್ಟದ ಮೇಲಿದೆ ಎಂದು ಅದನ್ನೇ ಜೀಪಿಗೆ ಹಾಕಬೇಡಿ. ಮನೆಯ ಸಾಮಾನ್ಯ ಪಿವಿಸಿ ವೈರಿನ ಸಿಪ್ಪೆ 70 ಡಿಗ್ರಿ ಶಾಖಕ್ಕೆ ಮಾಡಿದ್ದು, ಎಂಜಿನ್ನಿನ ಬಳಿ ಅದು ಸಾಲದು. ಒಂಟಿ ಎಳೆಯ ಗಟ್ಟಿ ತಂತಿಯಾದರೆ ಗಾಡಿಯ ಅದುರಾಟಕ್ಕೆ ಮುರಿಯುತ್ತದೆ. ವಾಹನಕ್ಕೆಂದೇ ಮಾಡಿದ, ಸಣ್ಣ ಎಳೆಗಳು ಬಹಳ ಇರುವ ವೈರು ಕೇಳಿ. ಹೊಸೆದು ಟೇಪು ಸುತ್ತುವುದಕ್ಕಿಂತ ಲಗ್ ಒತ್ತಿಸುವುದು ಮೇಲು. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಷ್ ಇರಲೇಬೇಕು.

ಮಳೆ, ಮೈಲುತುತ್ತ, ಇಲಿ

ನಮ್ಮ ಮೂರು ತಾಲ್ಲೂಕುಗಳ ಹವೆ ಒಂದೇ ರೀತಿಯದಲ್ಲ. ಕಡೂರು ಮತ್ತು ಅಜ್ಜಂಪುರದ ಬಯಲು ಕಡೆಯ ಗಾಡಿಗಳಿಗೆ ಧೂಳು ಮತ್ತು ಬಿಸಿಲು ಶತ್ರು. ಸಿಪ್ಪೆ ಒಣಗಿ ಬಿರುಕು ಬಿಡುತ್ತದೆ. ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿಯ ಮಗ್ಗುಲಿನ ತೋಟಗಳ ಗಾಡಿಗಳಿಗೆ ತೇವ ಶತ್ರು. ಜೋಡಣೆಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ.

ತೇವಕ್ಕಿಂತ ಕೆಟ್ಟದ್ದು ನಾವೇ ಗಾಡಿಯಲ್ಲಿ ಸಾಗಿಸುವ ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಡ್ರಮ್ಮು, ಪೈಪು, ಪಂಪುಗಳನ್ನು ಜೀಪಿನ ಹಿಂದೆ ಹೇರಿ ಒಯ್ಯುತ್ತೇವೆ. ಚೆಲ್ಲಿದ ದ್ರಾವಣ ನೆಲದ ತಗಡಿನ ಸಂದಿನಲ್ಲಿ ಇಳಿದು ಹಿಂದಿನ ದೀಪದ ಅರ್ಥ್ ಬೋಲ್ಟುಗಳನ್ನು ತಿನ್ನುತ್ತದೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ನಮಗೆಲ್ಲ ಗೊತ್ತು, ಜೀಪಿನ ನೆಲವೂ ಕಬ್ಬಿಣದ್ದೇ ಎಂಬುದು ನೆನಪಿಗೆ ಬರುವುದಿಲ್ಲ. ಸಿಂಪಡಣೆ ಮುಗಿದ ದಿನ ಹಿಂಭಾಗವನ್ನು ನೀರಿನಲ್ಲಿ ತೊಳೆದು, ಅರ್ಥ್ ಬೋಲ್ಟುಗಳನ್ನು ಉಪ್ಪುಕಾಗದದಿಂದ ಉಜ್ಜಿ ಬಿಗಿದು, ಮೇಲೆ ಗ್ರೀಸು ಅಥವಾ ವ್ಯಾಸಲೀನ್ ಸವರಬೇಕು. ಬಲಗಡೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿನುಗುತ್ತದೆ ಎಂಬಂಥ ವಿಚಿತ್ರಗಳಿಗೆ ಬಹುಪಾಲು ಇಂಥ ಕೆಟ್ಟ ಅರ್ಥೇ ಕಾರಣ. ರಿಲೇ ಹಾಕಿಸಿದರೂ ಅರ್ಥ್ ಕೆಟ್ಟಿದ್ದರೆ ದೀಪ ಮಂದವೇ.

ಇಲಿಯ ವಿಷಯ ಹೇಳಲು ಹೆಚ್ಚಿಲ್ಲ. ಅಡಿಕೆ, ಭತ್ತ ಇರುವ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಬ್ಯಾಟರಿಯ ಒಂದು ಕ್ಲಾಂಪನ್ನು ಬಿಚ್ಚಿಡುವುದು ಒಳ್ಳೆಯದು.

ಕೆಟ್ಟರೆ ಹುಡುಕುವುದು ಹೇಗೆ

ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಚಾಕುವಿನ ಅಲಗನ್ನು ಅದ್ದುತ್ತೇವೆ. ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಇನ್ನೂ ಸುಣ್ಣ ಬೇಕು. ವೈರಿಂಗ್ ಪರೀಕ್ಷೆಗೆ ಅಷ್ಟೇ ಸುಲಭವಾದ ಸಾಧನ ಒಂದು ಇಂಡಿಕೇಟರ್ ಬಲ್ಬು, 12 ವೋಲ್ಟ್ 21 ವಾಟಿನದು, ಅದಕ್ಕೆ ಎರಡು ತುಂಡು ವೈರು.

ಫ್ಯೂಸು ಹಾಕಿದ ಕೂಡಲೇ ಹೋಗುತ್ತಿದೆಯೆಂದರೆ ದೊಡ್ಡ ಫ್ಯೂಸು ಹಾಕಬಾರದು. ಫ್ಯೂಸನ್ನು ತೆಗೆದು ಅದರ ಎರಡು ಕ್ಲಿಪ್ಪಿಗೆ ಈ ಬಲ್ಬನ್ನು ಅಡ್ಡಲಾಗಿ ಸೇರಿಸಿ, ಆ ಸಾಲಿನ ದೀಪದ ಬಲ್ಬನ್ನು ಕಳಚಿ, ಸ್ವಿಚ್ಚು ಹಾಕಿ. ದೀಪದ ಬಲ್ಬೇ ಇಲ್ಲದಿದ್ದರೂ ನಮ್ಮ ಪರೀಕ್ಷೆಯ ಬಲ್ಬು ಪೂರಾ ಬೆಳಗಿದರೆ, ವೈರು ಎಲ್ಲೋ ಬಾಡಿಗೆ ತಗಲಿದೆ ಎಂದರ್ಥ. ಹೆದರಬೇಕಾಗಿಲ್ಲ, ಆ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಹರಿಯಗೊಡುವುದಿಲ್ಲ. ಈಗ ವೈರಿನ ಕಟ್ಟನ್ನು ಒಂದು ತುದಿಯಿಂದ ಹಿಡಿದು ಅಲುಗಿಸುತ್ತಾ ಬನ್ನಿ. ಎಲ್ಲಿ ಅಲುಗಿಸಿದಾಗ ಬಲ್ಬು ಮಿಣುಕುತ್ತದೆಯೋ ಅಲ್ಲೇ ಗಾಯ ಇದೆ. ಈ ಉಪಾಯವನ್ನು ನಮಗೆ ಕಲಿಸಿದ್ದು ಬೀರೂರಿನ ಹಿರಿಯ ಎಲೆಕ್ಟ್ರಿಷಿಯನ್ನರೊಬ್ಬರು. ಒಂದು ಮಧ್ಯಾಹ್ನದ ಮೀಟರಿನ ಕೆಲಸವನ್ನು ಅವರು ಐದು ನಿಮಿಷದಲ್ಲಿ ಮುಗಿಸಿದ್ದನ್ನು ಕಂಡಿದ್ದೇವೆ.

ದೀಪ ಹತ್ತದಿದ್ದರೆ ಸ್ವಿಚ್ಚು ಹಾಕಿ ರಿಲೇಯ ಮೇಲೆ ಬೆರಳಿಡಿ. ಟಕ್ ಎಂದು ತಗಲಿದರೆ ಕಾಯಿಲೂ ಸ್ವಿಚ್ಚೂ ಸರಿ ಇವೆ. ಆದರೆ ಟಕ್ ಎಂದ ಮಾತ್ರಕ್ಕೆ ರಿಲೇ ಸರಿ ಇದೆ ಎನ್ನುವಂತಿಲ್ಲ, ಒಳಗಿನ ಪಾಯಿಂಟು ಕರಕಲಾಗಿರಬಹುದು. ಪರೀಕ್ಷೆಯ ಬಲ್ಬಿನ ಒಂದು ತುದಿಯನ್ನು ಬಾಡಿಗೆ ಕೊಟ್ಟು ಇನ್ನೊಂದನ್ನು ಮೊದಲು 30ಕ್ಕೆ, ಆಮೇಲೆ 87ಕ್ಕೆ ಮುಟ್ಟಿಸಿ. 30ರಲ್ಲಿ ಬೆಳಗಿ 87ರಲ್ಲಿ ಬೆಳಗದಿದ್ದರೆ ರಿಲೇ ಬದಲಿಸಿ. ದಾರಿಯಲ್ಲಾದರೆ ಹಾರ್ನಿನ ರಿಲೇಯನ್ನು ಕಿತ್ತು ದೀಪಕ್ಕೆ ಹಾಕಿಕೊಳ್ಳಬಹುದು, ಕಾಲುಗಳ ಸಂಖ್ಯೆ ಮತ್ತು ಜೋಡಣೆ ಒಂದೇ ಆಗಿದ್ದರೆ.

ಇಷ್ಟೆಲ್ಲ ಹೇಳಿದ್ದು ಹಳೆಯ ಗಾಡಿಗಳಿಗೆ. ಇತ್ತೀಚಿನ ಗಾಡಿಗಳು, ಮುಖ್ಯವಾಗಿ 2020ರ ಏಪ್ರಿಲ್ ನಂತರ ಬಂದ ಬಿಎಸ್ 6 ಗಾಡಿಗಳು, ಕಾರ್ಖಾನೆಯಿಂದಲೇ ರಿಲೇ, ಫ್ಯೂಸುಗಳ ಪೆಟ್ಟಿಗೆಯೊಂದಿಗೆ ಬಂದಿರುತ್ತವೆ. ಅನೇಕದರಲ್ಲಿ ದೀಪಗಳನ್ನೂ ಒಂದು ಪುಟ್ಟ ಕಂಪ್ಯೂಟರು ನೋಡಿಕೊಳ್ಳುತ್ತದೆ. ಅಂಥ ಗಾಡಿಯಲ್ಲಿ ಬಲ್ಬು ಹಿಡಿದು ಸಿಕ್ಕ ಸಿಕ್ಕ ವೈರಿಗೆ ಚುಚ್ಚಿ ನೋಡುವುದು ಕೂಡದು, ಸಿಪ್ಪೆ ಸುಲಿದು ಹೊಸ ವೈರು ಹೊಸೆಯುವುದಂತೂ ಕೂಡದು. ವಾರಂಟಿಯೂ ಹೋಗುತ್ತದೆ. ಎಲ್‌ಇಡಿ ದೀಪಗಳು ಕಡಿಮೆ ಕರೆಂಟಿನಲ್ಲಿ ಹೆಚ್ಚು ಬೆಳಕು ಕೊಡುತ್ತವೆ. 20 ವಾಟಿನ ಎರಡು ದೀಪಕ್ಕೆ ಮೂರೂವರೆ ಆಂಪಿಯರೂ ಬೇಡ, ರಿಲೇ ಇಲ್ಲದೆಯೂ ನಡೆದೀತು. ಫ್ಯೂಸು ಇಲ್ಲದೆ ನಡೆಯದು, ವೈರು ತಗಲಿದಾಗ ಬ್ಯಾಟರಿ ಸುರಿಯುವ ಕರೆಂಟಿಗೆ ಎಲ್‌ಇಡಿಯೂ ಒಂದೇ, ಹಳೆಯ ಬಲ್ಬೂ ಒಂದೇ. ಹಳೆಯ ಹೆಡ್‌ಲೈಟಿನ ಬಟ್ಟಲಿಗೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣು ಕುಕ್ಕುತ್ತದೆ ಎಂಬುದನ್ನು ಬೀರೂರು ತರೀಕೆರೆ ಹೆದ್ದಾರಿಯಲ್ಲಿ ರಾತ್ರಿ ಬಂದವರೆಲ್ಲ ಬಲ್ಲರು. ಸ್ಪಾಟ್‌ಲೈಟು, ಸರ್ಚ್‌ಲೈಟು ಹಾಕುವುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 111ನೆಯದು ನಿಷೇಧಿಸುತ್ತದೆ. ತೋಟದಲ್ಲಿ ಆನೆ, ಹಂದಿ ನೋಡಲು ಬೇಕೆನ್ನುವವರು ಕೈ ಬ್ಯಾಟರಿ ಇಟ್ಟುಕೊಳ್ಳಲಿ.

ಕಡೆಯದಾಗಿ ಗಾಡಿಯಲ್ಲಿ ಇರಬೇಕಾದವು. ಬಣ್ಣಕ್ಕೆರಡರಂತೆ ಫ್ಯೂಸು, ಒಂದು ರಿಲೇ, ಪರೀಕ್ಷೆಯ ಬಲ್ಬು, ಟೇಪು, ಎಲ್ಲ ಒಂದು ತಿಂಡಿ ಡಬ್ಬಿಯಲ್ಲಿ ಹಿಡಿಯುತ್ತವೆ. ಬ್ಯಾಟರಿಯ ಕ್ಲಾಂಪಿಗೆ ಯಾವ ಅಳತೆಯ ಸ್ಪ್ಯಾನರ್ ಹಿಡಿಯುತ್ತದೆಂದು ಹಗಲಿನಲ್ಲೇ ನೋಡಿ ಅದನ್ನು ಡ್ರೈವರ್ ಸೀಟಿನ ಕೆಳಗೆ ಕಟ್ಟಿಡಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಮೊದಲು ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಗಲಿದರೆ ಕೈಯಲ್ಲಿರುವ ಸ್ಪ್ಯಾನರೇ ಬೆಸುಗೆಯ ಕಡ್ಡಿಯಾಗುತ್ತದೆ. ಮತ್ತೆ ಹಾಕುವಾಗ ಇದರ ತಿರುಗು ಮುರುಗು, ಮೊದಲು ಪ್ಲಸ್, ಕಡೆಗೆ ಮೈನಸ್. ನಮ್ಮ ಜೀಪಿನ ಸೀಟಿನ ಕೆಳಗೆ ಈಗ ಎರಡು ಸ್ಪ್ಯಾನರ್ ಇವೆ. ಆ ದಿನ ಏಟು ತಿಂದ ಕ್ಲಾಂಪನ್ನು ಬದಲಿಸಿದಾಗ ಹೊಸದರ ಬೋಲ್ಟು ಹಳೆಯದಕ್ಕಿಂತ ಬೇರೆ ಅಳತೆಯದಾಗಿ ಬಂತು.